ಐದು ದಿನ, ಎಂಟು ವರ್ಷ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸೆಪ್ಟೆಂಬರ್ 17ರಂದು ನಾವು ಇದೇ ಮೈದಾನದಲ್ಲಿ ಸಾಲಾಗಿ ನಿಂತು ಧ್ವಜಕ್ಕೆ ವಂದಿಸುತ್ತಿದ್ದೆವು. ರಜಾಕಾರರ ಹಾವಳಿ, ಸರ್ದಾರ್ ಪಟೇಲರು ಸೈನ್ಯ ಕಳಿಸಿದ್ದು, ನಿಜಾಮರು ಸೋತದ್ದು ಎಲ್ಲ ಕೇಳುತ್ತಿದ್ದೆವು. ಅದು ಸುಳ್ಳಲ್ಲ. 1948ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಗೋರಟಾದಲ್ಲಿ ಹರಿದ ರಕ್ತವನ್ನು ಯಾರೂ ಮರೆಯಬಾರದು. ಆದರೆ ಒಮ್ಮೆ ನನ್ನ ಬೆಂಚಿನ ಮುಸ್ಲಿಂ ಗೆಳೆಯ ಮೆಲ್ಲಗೆ ಹೇಳಿದ: “ನಮ್ಮ ಮನ್ಯಾಗ ಆ ವರ್ಷದ ಮಾತು ಯಾರೂ ತೆಗ್ಯಲ್ಲ.” ಯಾಕೆಂದು ನಾನು ಕೇಳಲಿಲ್ಲ. ಉತ್ತರ ಸಿಕ್ಕಿದ್ದು ಬಹಳ ವರ್ಷಗಳ ನಂತರ, ಓದಿನಿಂದ.

ಸೈನ್ಯದ ಕೆಲಸ ಐದು ದಿನದ್ದು. ಸೆಪ್ಟೆಂಬರ್ 13ರಂದು ಭಾರತದ ಪಡೆಗಳು ಗಡಿ ದಾಟಿದವು. 17ರಂದು ನಿಜಾಮರು ಯುದ್ಧ ನಿಲ್ಲಿಸಿದರು. ಹೈದರಾಬಾದ್ ಸರಕಾರ ಇದನ್ನು ಹೊರಗಿನವರ ದಾಳಿ ಎಂದು ವಿಶ್ವಸಂಸ್ಥೆಗೆ ದೂರಿತು. ಭಾರತ ಪೊಲೀಸ್ ಕಾರ್ಯಾಚರಣೆ ಎಂದಿತು. ನಮ್ಮ ಹಿರಿಯರ ಬಾಯಲ್ಲಿ ಅದು ಇಂದಿಗೂ “ಪೊಲೀಸ್ ಆಕ್ಷನ್.”

ಆಮೇಲಿನ ದಿನಗಳಲ್ಲಿ ಸೇಡು ನಿರಪರಾಧಿಗಳ ಮೇಲೆ ಬಿತ್ತು. ಕೇಂದ್ರ ಸರಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಸಂಸ್ಥಾನದಲ್ಲಿ ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಬೀದರ್ ಒಂದು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಅದರಲ್ಲೇ ಇನ್ನೊಂದು ಮಾತೂ ಇದೆ: ಎಷ್ಟೋ ಕಡೆ ಹಿಂದೂಗಳು ತಮ್ಮ ಮುಸ್ಲಿಂ ನೆರೆಯವರನ್ನು ಕಾಪಾಡಿದರು, ಮುಸ್ಲಿಂ ನೇಕಾರರನ್ನು ಉಳಿಸಲು ಹಿಂದೂ ನೇಕಾರರು ಜೀವ ಕೊಟ್ಟದ್ದೂ ಉಂಟು.

ನಾನು ಸಾಫ್ಟ್‌ವೇರ್ ಕೆಲಸದವನು. ಹಳೆಯ ವ್ಯವಸ್ಥೆಯನ್ನು ಒಂದು ರಾತ್ರಿಯಲ್ಲಿ ಬಂದ್ ಮಾಡಬಹುದು. ಹೊಸದನ್ನು ಜನ ನಂಬುವಂತೆ ನಿಲ್ಲಿಸುವುದೇ ಕಷ್ಟ. ಇಲ್ಲಿಯೂ ಹಾಗೆಯೇ ಆಯಿತು. ಮೊದಲು ಜನರಲ್ ಜೆ.ಎನ್. ಚೌಧರಿಯವರ ಮಿಲಿಟರಿ ಆಡಳಿತ. 1949ರಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ನಿಜಾಮರೇ ರಾಜಪ್ರಮುಖರಾದರು. ದಿಲ್ಲಿ ನೇಮಿಸಿದ ಅಧಿಕಾರಿ ವೆಲ್ಲೋಡಿ ಮುಖ್ಯಮಂತ್ರಿಯಾದರು. ಜನ ಮತ ಹಾಕಿ ಸರಕಾರ ಆರಿಸಿದ್ದು 1952ರಲ್ಲಿ. ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿಯಾದರು. ಅದೇ ವರ್ಷ ಹೊರಗಿನಿಂದ ಬಂದ ನೌಕರರ ವಿರುದ್ಧ ಮುಲ್ಕಿ ಚಳವಳಿ ಎದ್ದಿತು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯೇ ಮೂರು ಪಾಲಾಯಿತು. ನಾವು ಮೈಸೂರಿಗೆ ಬಂದೆವು, ಉದಗೀರ್ ಮುಂಬೈ ರಾಜ್ಯಕ್ಕೆ ಹೋಯಿತು, ಜಹೀರಾಬಾದ್ ಆಂಧ್ರಕ್ಕೆ ಸೇರಿತು. ಬೀಗರು ರಾತ್ರೋರಾತ್ರಿ ಬೇರೆ ರಾಜ್ಯದವರಾದರು.

ಸ್ಥಳೀಯರಿಗೆ ಓದು, ನೌಕರಿ ಸಿಗಬೇಕೆಂಬ ಕೂಗು ಅಲ್ಲಿಗೆ ನಿಲ್ಲಲಿಲ್ಲ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಹಿಂದೆಯೂ ಅದೇ ಕೂಗು ಇದೆ. ಇಂದು ನಮ್ಮ ಮಕ್ಕಳು ಮೆಡಿಕಲ್, ಇಂಜಿನಿಯರಿಂಗ್ ಸೀಟಿಗೆ ತೋರಿಸುವ ಪ್ರಮಾಣಪತ್ರದ ಬೇರು ಆ ವರ್ಷಗಳಲ್ಲಿದೆ.

ಕೊನೆಗೆ ಒಂದು ವಿನಂತಿ. ಆಗ ಹತ್ತು ವರ್ಷದವರಾಗಿದ್ದ ಹಿರಿಯರು ಈಗ ಎಂಬತ್ತೈದು ದಾಟಿದ್ದಾರೆ. ಮಕ್ಕಳೇ, ಅವರ ಬಳಿ ಹೋಗಿ ಕೂಡಿರಿ, ಮೊಬೈಲಿನಲ್ಲಿ ಅವರ ಮಾತು ಹಿಡಿದಿಡಿರಿ. ರಜಾಕಾರರಿಂದ ನೊಂದ ಮನೆಗೂ ಹೋಗಿರಿ, ಆಕ್ಷನ್ ನಂತರ ನೊಂದ ಮನೆಗೂ ಹೋಗಿರಿ. ಒಂದರ ನೋವು ಇನ್ನೊಂದಕ್ಕೆ ಉತ್ತರವಲ್ಲ. ಎರಡನ್ನೂ ಬರೆದು ಈ ಶಾಲೆಯ ಗ್ರಂಥಾಲಯದಲ್ಲಿ ಇಡೋಣ.

ಅಂದು ನಾನು ನನ್ನ ಗೆಳೆಯನನ್ನು ಕೇಳಲಿಲ್ಲ. ನೀವು ಕೇಳಿರಿ.