ಇಬ್ಬರು ಒಡೆಯರ ನಡುವೆ

ಕೂಲಿಯಾಳೊಬ್ಬನು ಬೆಳಗ್ಗೆ ಒಬ್ಬರ ತೋಟದಲ್ಲಿಯೂ ಮಧ್ಯಾಹ್ನದ ಮೇಲೆ ಇನ್ನೊಬ್ಬರ ಗದ್ದೆಯಲ್ಲಿಯೂ ದುಡಿಯಬಹುದು. ಸಂಜೆಗೆ ಇಬ್ಬರಿಂದಲೂ ಕೂಲಿ ಪಡೆದು ಮನೆಗೆ ಹೋಗಬಹುದು. ಅದರಲ್ಲಿ ಯಾರಿಗೂ ಮೋಸವಿಲ್ಲ. ಹೀಗಿರುವಾಗ, ಒಬ್ಬನೇ ಮನುಷ್ಯನಿಂದ ಇಬ್ಬರು ಒಡೆಯರ ಊಳಿಗ ಸಾಗದೆಂದು ಯೇಸುಸ್ವಾಮಿ ಬೆಟ್ಟದ ಮೇಲಣ ಉಪದೇಶದಲ್ಲಿ ತಿಳಿಸಿದ್ದೇಕೆ? ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಬರುವ ಈ ಮಾತನ್ನು, ತರಗತಿಯಲ್ಲಿ ಪದ್ಯಕ್ಕೆ ಅರ್ಥ ಹೇಳುವಂತೆ ಸ್ವಲ್ಪ ಬಿಡಿಸಿ ನೋಡಿದರೆ ಉತ್ತರ ದೊರೆಯುತ್ತದೆ.

ಗ್ರೀಕ್ ಮೂಲದಲ್ಲಿ ಇಲ್ಲಿರುವ ಕ್ರಿಯಾಪದವು ಕೂಲಿಯಾಳಿನ ದುಡಿಮೆಯನ್ನು ಹೇಳುವುದಲ್ಲ. ಹಣ ಕೊಟ್ಟು ಕೊಂಡ ದಾಸನ ಊಳಿಗವನ್ನು ಹೇಳುವುದು. ಕೂಲಿಯಾಳು ತನ್ನ ಹೊತ್ತನ್ನು ಮಾರುತ್ತಾನೆ. ದಾಸನಿಗೆ ಮಾರಲು ತನ್ನದೆಂಬ ಹೊತ್ತೇ ಇಲ್ಲ. ಅವನು ಇಡಿಯಾಗಿ ಒಬ್ಬನ ಸ್ವತ್ತು. ಇನ್ನೊಂದು ವಿಶೇಷವೂ ಉಂಟು. ಆ ಎರಡನೆಯ ಒಡೆಯನನ್ನು ಮೂಲದಲ್ಲಿ ‘ಮಾಮೋನ’ ಎಂದು ಕರೆದಿದೆ. ಇದು ಗ್ರೀಕ್ ಶಬ್ದವಲ್ಲ. ಯೇಸುಸ್ವಾಮಿ ಆಡುತ್ತಿದ್ದ ಅರಮಾಯ ಭಾಷೆಯ ಶಬ್ದ. ಧನ, ಸ್ವತ್ತು ಎಂದು ಅದರ ಅರ್ಥ. ಗ್ರೀಕಿನಲ್ಲಿ ಬರೆದವರು ಅದನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಂಡರಾಗಿ, ಅದು ಯಾರೋ ಒಬ್ಬ ದೊರೆಯ ಹೆಸರಿನಂತೆ ಕೇಳಿಸುತ್ತದೆ. ಹಣವು ನಮ್ಮ ಕೈಯಾಳೆಂದು ನಾವು ತಿಳಿದಿರುತ್ತೇವೆ. ಅದು ಒಡೆಯನ ಪೀಠದಲ್ಲಿ ಬಂದು ಕುಳಿತಿರಬಹುದೆಂದು ಈ ಮಾತು ಎಚ್ಚರಿಸುತ್ತದೆ.

ಈ ಎರಡನೆಯ ಒಡೆಯ ಬಹು ಸೌಮ್ಯ ಸ್ವಭಾವದವನು. ದೇವರನ್ನು ಬಿಡು ಎಂದು ಅವನು ಎಂದೂ ಹೇಳುವುದಿಲ್ಲ. ಇಗರ್ಜಿಗೆ ಹೋಗಿ ಬಾ, ಜಪಮಾಲೆ ಹಿಡಿ, ಹಬ್ಬವನ್ನು ಚೆನ್ನಾಗಿ ಮಾಡು ಎಂದೇ ಹೇಳುತ್ತಾನೆ. ಈ ಹೊತ್ತು ನನ್ನ ಕೆಲಸವಾಗಲಿ, ದೇವರ ಕೆಲಸ ನಾಳೆಗಿರಲಿ, ಇಷ್ಟೇ ಅವನ ಕೋರಿಕೆ. ನಮ್ಮ ನಿಷ್ಠೆ ಎರಡಾಗುವುದು ಹೀಗೆ. ದೇವರಿಗೆ ಎದುರು ನಿಂತು ಕೆಟ್ಟವರು ಕೆಲವರು. ದೇವರಿಗೆ ವಾಯಿದೆ ಹೇಳಿ ಹೇಳಿ ಕೆಟ್ಟವರು ಬಹಳ ಮಂದಿ.

ಈ ವಾಯಿದೆಯ ಕಥೆಯನ್ನು ತನ್ನ ಬಾಳಿನಿಂದಲೇ ತೆಗೆದು, ಏನನ್ನೂ ಮುಚ್ಚದೆ ಬರೆದಿಟ್ಟವನು ಸಂತ ಅಗಸ್ಟೀನ. ‘ಕನ್ಫೆಷನ್ಸ್’ ಎಂಬ ಆ ಲ್ಯಾಟಿನ್ ಗ್ರಂಥ ಸುಮಾರು 397ರಿಂದ 400ರೊಳಗೆ ರಚಿತವಾದದ್ದು. ನನಗೆ ಅದರ ಮೇಲೆ ವಿಶೇಷ ಪ್ರೀತಿ ಇರುವುದಕ್ಕೆ ಒಂದು ಕಾರಣ, ಅಗಸ್ಟೀನನೂ ವೃತ್ತಿಯಿಂದ ಉಪಾಧ್ಯಾಯನಾಗಿದ್ದನೆಂಬುದು.

ಅವನು 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದ. ಅಲ್ಜೀರಿಯ ದೇಶದ ಸೂಕ್ ಅಹ್ರಾಸ್ ಎಂಬ ಊರು ಈಗ ಆ ಸ್ಥಳದಲ್ಲಿದೆ. ತಾಯಿ ಮೋನಿಕಾ ಪರಮ ಭಕ್ತೆ. ಮಗನಿಗಾಗಿ ಅವಳು ಸುರಿಸಿದ ಕಣ್ಣೀರು ಕ್ರೈಸ್ತರಲ್ಲಿ ಮನೆಮಾತು. ಮಗನಾದರೋ ಕಾರ್ಥೇಜ್ ನಗರದಲ್ಲಿ ವಾಕ್ಪಟುತ್ವವನ್ನು ಕಲಿಸುವ ಗುರುವಾದ. ಅಲ್ಲಿಯ ವಿದ್ಯಾರ್ಥಿಗಳ ಪುಂಡಾಟವನ್ನು ತಾಳಲಾರದೆ 383ರಲ್ಲಿ ರೋಮಿಗೆ ಹೋದ. ರೋಮಿನ ಹುಡುಗರು ಅಷ್ಟು ಗದ್ದಲ ಮಾಡುವವರಲ್ಲ. ಆದರೆ ಶುಲ್ಕ ಕೊಡಬೇಕಾದ ಹೊತ್ತಿಗೆ ಒಟ್ಟಾಗಿ ಇನ್ನೊಬ್ಬ ಗುರುವಿನ ಬಳಿಗೆ ನಡೆದುಬಿಡುತ್ತಿದ್ದರು! ಮರುವರ್ಷ ಚಕ್ರವರ್ತಿಯ ಆಸ್ಥಾನವಿದ್ದ ಮಿಲಾನ್ ನಗರದಲ್ಲಿ ಅವನಿಗೆ ದೊಡ್ಡ ಹುದ್ದೆ ಸಿಕ್ಕಿತು. ಆಗ ಅವನಿಗೆ ಮೂವತ್ತು ವರ್ಷ.

ಮಿಲಾನಿನ ಬಿಷಪರಾದ ಆಂಬ್ರೋಸರ ಪ್ರವಚನಗಳನ್ನು ಕೇಳುತ್ತ ಕೇಳುತ್ತ ಅವನ ಬುದ್ಧಿಯ ಸಂಶಯಗಳು ಒಂದೊಂದಾಗಿ ಕರಗಿದವು. ಆದರೆ ಬುದ್ಧಿ ಒಪ್ಪಿದ ಮಾತ್ರಕ್ಕೆ ಬಾಳು ಒಪ್ಪಬೇಕೆಂಬ ನಿಯಮವಿಲ್ಲವಷ್ಟೆ. ಅವನ ಲೆಕ್ಕವೇ ಬೇರೆಯಿತ್ತು. ದೊಡ್ಡ ಮನುಷ್ಯರ ಪರಿಚಯವಿದೆ. ಯಾವುದಾದರೂ ಒಂದು ಪ್ರಾಂತದ ಅಧಿಕಾರ ದೊರೆಯಬಹುದು. ಸ್ವಲ್ಪ ಹಣವಿರುವ ಹೆಣ್ಣನ್ನು ಮದುವೆಯಾದರೆ ಖರ್ಚಿನ ಭಾರವೂ ಇರದು. ದೇವರ ವಿಚಾರವನ್ನು ಆಮೇಲೆ ಬಿಡುವಾಗಿ ನೋಡಿಕೊಳ್ಳಬಹುದು. ಇದನ್ನೆಲ್ಲ ಅವನೇ ಬರೆದುಕೊಂಡಿದ್ದಾನೆ.

ಒಂದು ದಿನ ಚಕ್ರವರ್ತಿಯನ್ನು ಹೊಗಳಿ ಭಾಷಣ ಮಾಡಬೇಕಾಗಿತ್ತು. ಅದರಲ್ಲಿ ಸುಳ್ಳು ಬಹಳ. ಅದು ಸುಳ್ಳೆಂದು ಬಲ್ಲವರೇ ಮೆಚ್ಚಿ ತಲೆದೂಗುವವರು. ಆ ಚಿಂತೆಯಲ್ಲಿ ಬೇಯುತ್ತ ಗೆಳೆಯರೊಡನೆ ಬೀದಿಯಲ್ಲಿ ಹೋಗುವಾಗ, ಕುಡಿದು ನಗುತ್ತಿದ್ದ ಒಬ್ಬ ಭಿಕ್ಷುಕ ಕಣ್ಣಿಗೆ ಬಿದ್ದ. ಯಾವ ಸುಖಕ್ಕಾಗಿ ತಾನು ಇಷ್ಟು ಹೆಣಗುತ್ತಿರುವನೋ ಅದನ್ನು ಈತ ಬೇಡಿದ ನಾಲ್ಕು ಕಾಸಿಗೆ ಪಡೆದುಬಿಟ್ಟನಲ್ಲಾ ಎಂದು ಅಗಸ್ಟೀನನಿಗೆ ಅನಿಸಿತು. ಅವನದು ನಿಜವಾದ ಸುಖವಲ್ಲ, ದಿಟ. ಆದರೆ ತಾನು ಬಯಸುತ್ತಿರುವುದು ಅದಕ್ಕಿಂತಲೂ ಸುಳ್ಳು ಎಂದು ಅವನಿಗೆ ಹೊಳೆಯಿತು. ಹೊಳೆದರೇನು? ಭಾಷಣ ನಿಲ್ಲಲಿಲ್ಲ, ಹುದ್ದೆಯನ್ನು ಬಿಡಲಿಲ್ಲ.

ಎರಡು ಮನಸ್ಸಿನ ಬೆಲೆಯನ್ನು ಎರಡು ಮನಸ್ಸಿನವನೊಬ್ಬನೇ ತೆರುವುದಾದರೆ ಚಿಂತೆಯಿರಲಿಲ್ಲ. ಅಗಸ್ಟೀನನೊಡನೆ ಒಬ್ಬ ಹೆಂಗಸು ಹತ್ತು ವರ್ಷಕ್ಕೂ ಮೇಲ್ಪಟ್ಟು ಬಾಳಿದ್ದಳು. ಅವರಿಗೆ ಒಬ್ಬ ಮಗನೂ ಇದ್ದ. ಹೆಸರು ಅದೆಯೋದಾತ, ನಮ್ಮ ಮಾತಿನಲ್ಲಿ ದೇವದತ್ತ. ಹಣವಂತರ ಮನೆಯ ಹೆಣ್ಣು ಗೊತ್ತಾದಾಗ ಈ ಹೆಂಗಸು ಅಡ್ಡಿಯಾದಳು. ಅವಳನ್ನು ಆಫ್ರಿಕಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ಇನ್ನೊಬ್ಬ ಗಂಡಸಿನ ಜೊತೆ ಬಾಳುವುದಿಲ್ಲವೆಂದು ದೇವರ ಮುಂದೆ ಹರಕೆ ಹೊತ್ತು, ಮಗನನ್ನು ತಂದೆಯ ಬಳಿ ಬಿಟ್ಟು ಅವಳು ಹೊರಟುಹೋದಳು. ಅವಳ ಹೆಸರು ಆ ಗ್ರಂಥದಲ್ಲಿಲ್ಲ. ಗೊತ್ತಾದ ಹುಡುಗಿಗೆ ಮದುವೆಯ ವಯಸ್ಸಾಗಲು ಇನ್ನೆರಡು ವರ್ಷವಿತ್ತು. ಅಷ್ಟನ್ನೂ ಕಾಯಲಾರದೆ ಅಗಸ್ಟೀನ ಮತ್ತೊಬ್ಬಳನ್ನು ಇಟ್ಟುಕೊಂಡ. ದೇವರಿಗೂ ಲೋಕಕ್ಕೂ ನಡುವೆ ನಿಂತವನು ಆ ಎರಡಕ್ಕೂ ಸೇರದ ಒಂದು ಬಡಜೀವವನ್ನು ತುಳಿದ. ಈ ಪ್ರಕರಣವನ್ನು ಓದುವಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆ ದಿನಗಳ ತನ್ನ ಮನಸ್ಸನ್ನು ಅವನು ನಿದ್ದೆಗಣ್ಣಿನ ಮನುಷ್ಯನಿಗೆ ಹೋಲಿಸಿದ್ದಾನೆ. ಏಳಬೇಕೆಂಬುದು ಅವನಿಗೆ ಗೊತ್ತು. ಏಳುವುದೇ ಲೇಸೆಂಬುದೂ ಗೊತ್ತು. ಆದರೂ ಇನ್ನು ಸ್ವಲ್ಪ ಹೊತ್ತು ಎನ್ನುತ್ತ ಮಗ್ಗುಲಾಗುತ್ತಾನೆ. ಆ ಸ್ವಲ್ಪ ಹೊತ್ತಿಗೆ ಕೊನೆಯೆಂಬುದೇ ಇಲ್ಲ.

ಈ ಹೋಲಿಕೆ ನನ್ನನ್ನು ಚುಚ್ಚುವುದಕ್ಕೆ ಕಾರಣವಿದೆ. ನಾನು ಮೇಷ್ಟರ ಕೆಲಸಕ್ಕೆ ಸೇರಿದ ಹೊಸತು. ನಮ್ಮ ಬಾಡಿಗೆ ಮನೆಯಲ್ಲಿ ಚಾಪೆಯ ಮೇಲೆಯೇ ಮಲಗುತ್ತಿದ್ದೆವು. ಒಂದು ಒಳ್ಳೆಯ ಬೀಟೆಮರದ ಮಂಚ ಮಾಡಿಸಬೇಕೆಂದು ತಿಂಗಳು ತಿಂಗಳು ಹಣ ಕೂಡಿಡುತ್ತಿದ್ದೆ. ಹಣ ಕೂಡಿಬಂದ ತಿಂಗಳಲ್ಲೇ ಹತ್ತನೆಯ ತರಗತಿಯ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. ತಂದೆ ಹಾಸಿಗೆ ಹಿಡಿದಿದ್ದಾರೆ, ಪರೀಕ್ಷೆಯ ಶುಲ್ಕಕ್ಕೆ ಹಣವಿಲ್ಲ ಎಂದ. “ಮುಂದಿನ ತಿಂಗಳು ನೋಡೋಣ ಮಗ” ಎಂದೆ. “ಆಗಲಿ ಸಾರ್” ಎಂದು ಹೋದ. ಮುಂದಿನ ತಿಂಗಳು ಹಾಜರಿ ಕರೆಯುವಾಗ ಅವನ ಹೆಸರಿಗೆ ಉತ್ತರ ಬರಲಿಲ್ಲ. ಹೋಟೆಲಿನ ಕೆಲಸಕ್ಕೆಂದು ಯಾವುದೋ ಊರಿಗೆ ಹೋದನೆಂದು ಹುಡುಗರು ಹೇಳಿದರು. ಆ ಭಾನುವಾರವೂ ನಾನು ಇಗರ್ಜಿಗೆ ಹೋಗಿದ್ದೆ. ಕಾಣಿಕೆಯ ತಟ್ಟೆಗೆ ಹಣವನ್ನೂ ಹಾಕಿದ್ದೆ. ಮಂಚ ಈಗಲೂ ಮನೆಯಲ್ಲಿದೆ, ಗಟ್ಟಿಮುಟ್ಟಾಗಿಯೇ ಇದೆ. ನಾನು ದೇವರಿಗೆ ಇಲ್ಲವೆಂದು ಹೇಳಲಿಲ್ಲ. ಮುಂದಿನ ತಿಂಗಳು ಎಂದೆ, ಅಷ್ಟೆ.

ಅಗಸ್ಟೀನನ ನಿದ್ದೆ ಹರಿದದ್ದು 386ರ ಬೇಸಗೆಯ ಕೊನೆಯಲ್ಲಿ. ಸನ್ಯಾಸಿಯಾದ ಅಂತೋನಿಯ ಚರಿತ್ರೆಯನ್ನು ಓದಿ ಅರಮನೆಯ ಉದ್ಯೋಗವನ್ನು ನಿಂತ ನಿಲುವಿನಲ್ಲೇ ಬಿಟ್ಟ ಇಬ್ಬರ ಸಂಗತಿಯನ್ನು ಮನೆಗೆ ಬಂದವನೊಬ್ಬ ಹೇಳಿದ. ಅಗಸ್ಟೀನ ತೋಟಕ್ಕೆ ಹೋಗಿ ಅತ್ತ. ಪಕ್ಕದ ಮನೆಯಿಂದ, ತೆಗೆದುಕೊಂಡು ಓದೆಂದು ಹಾಡಿದಂತೆ ಮಗುವೊಂದರ ದನಿ ಕೇಳಿಸಿತು. ಪೌಲನ ಪತ್ರವನ್ನು ತೆರೆದು ಓದಿದ, ಮನಸ್ಸು ಒಂದಾಯಿತು. ಆ ಮೇಲೆ ಅವನು ನಡೆದುಕೊಂಡ ರೀತಿಯನ್ನು ಗಮನಿಸಬೇಕು. ದ್ರಾಕ್ಷಿಯ ಸುಗ್ಗಿಯ ರಜೆಗೆ ಇನ್ನು ಸುಮಾರು ಇಪ್ಪತ್ತು ದಿನವಿತ್ತು. ಕೂಡಲೇ ರಾಜೀನಾಮೆ ಎಸೆದು ಊರೆಲ್ಲ ತನ್ನ ಮಾತಾಡುವಂತೆ ಮಾಡಲಿಲ್ಲ. ಆ ಇಪ್ಪತ್ತು ದಿನ ಪಾಠ ಹೇಳಿ, ರಜೆ ಬಂದಾಗ ಸದ್ದಿಲ್ಲದೆ ಹುದ್ದೆಯನ್ನು ಬಿಟ್ಟ. ಲೋಕವನ್ನು ಬಿಟ್ಟೆನೆಂಬ ಹೊಗಳಿಕೆಯೂ ಲೋಕದ್ದೇ ಸ್ವತ್ತೆಂದು ಅವನು ಅರಿತಿದ್ದ. 387ರ ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಆಂಬ್ರೋಸರಿಂದ ದೀಕ್ಷಾಸ್ನಾನ ಪಡೆದ. ಊರಿಗೆ ಮರಳಿ ಪಿತ್ರಾರ್ಜಿತವನ್ನು ತನ್ನದೆನ್ನದೆ ತ್ಯಜಿಸಿದ.

ಕಥೆ ಇಲ್ಲಿಗೆ ಮುಗಿದಿದ್ದರೆ ಕೇಳಲು ಸೊಗಸಾಗಿರುತ್ತಿತ್ತು. ಆದರೆ ಬಿಷಪನಾದ ಮೇಲೆಯೂ ಆ ಎರಡನೆಯ ಒಡೆಯ ಹಿತ್ತಿಲ ಬಾಗಿಲಿಂದ ಬರುತ್ತಿರುವನೆಂದು ಅಗಸ್ಟೀನ ಒಪ್ಪಿಕೊಳ್ಳುತ್ತಾನೆ. ಔಷಧದಂತೆ ಊಟ ಮಾಡಬೇಕೆಂದು ನಿಶ್ಚಯಿಸಿದರೂ, ಹಸಿವೆಯಿಂದ ತೃಪ್ತಿಗೆ ಹೋಗುವ ದಾರಿಯಲ್ಲೇ ರುಚಿ ಬಲೆಯೊಡ್ಡಿ ಕುಳಿತಿರುತ್ತದೆಯಂತೆ. ದೇಹಕ್ಕೆ ಬೇಕಾದದ್ದೆಷ್ಟು, ನಾಲಗೆ ಬೇಡುವುದೆಷ್ಟು ಎಂಬುದು ತಿಳಿಯದಾಗ ಮನಸ್ಸಿಗೆ ಒಳಗೊಳಗೇ ಸಂತೋಷ! ಆರೋಗ್ಯದ ನೆಪ ಹೇಳಬಹುದಲ್ಲ.

425ರ ಸುಮಾರಿನಲ್ಲಿ, ಅವನಿಗೆ ಎಪ್ಪತ್ತು ದಾಟಿದಾಗ, ಹಿಪ್ಪೊ ನಗರದಲ್ಲಿ ಒಂದು ಘಟನೆ ನಡೆಯಿತು. ಅವನ ಜೊತೆಯ ಗುರುಗಳೆಲ್ಲರೂ ಸ್ವಂತ ಆಸ್ತಿಯಿಲ್ಲದೆ ಒಟ್ಟಿಗೆ ಬಾಳಬೇಕೆಂಬುದು ಕಟ್ಟಳೆ. ಅವರಲ್ಲಿ ಯನುವಾರಿಯುಸ್ ಎಂಬವನು ಸಾಯುವಾಗ ಉಯಿಲು ಬರೆದ. ಉಯಿಲು ಬರೆದನೆಂದರೆ ಹಣವನ್ನು ಇಟ್ಟುಕೊಂಡಿದ್ದನೆಂದಾಯಿತು. ತನ್ನ ಮಕ್ಕಳಿಗೂ ಕೊಡದೆ ಅದನ್ನು ಚರ್ಚಿಗೇ ಬರೆದಿದ್ದ. ಅಗಸ್ಟೀನ ಆ ಹಣವನ್ನು ಮುಟ್ಟಲಿಲ್ಲ. ಜನರನ್ನು ಕರೆಸಿ ಎಲ್ಲವನ್ನೂ ಬಹಿರಂಗವಾಗಿ ಹೇಳಿದ. ಆಸ್ತಿ ಬೇಕೆನ್ನುವ ಗುರು ಆಸ್ತಿಯಿಟ್ಟುಕೊಂಡು ಬೇರೆಯಾಗಿ ಇರಲಿ, ಅವನ ಪದವಿಗೆ ಕುಂದಿಲ್ಲ. ಒಟ್ಟಿಗೆ ಬಾಳುವೆನೆಂದು ಮಾತುಕೊಟ್ಟು ಬಚ್ಚಿಟ್ಟುಕೊಂಡವನ ಹೆಸರನ್ನು ಮಾತ್ರ ಪಟ್ಟಿಯಿಂದ ತೆಗೆಯುವೆನೆಂದ. ಅವನ ಕೋಪ ಹಣವುಳ್ಳವನ ಮೇಲಲ್ಲ, ಇಲ್ಲವೆಂದು ನಟಿಸುವವನ ಮೇಲೆ. ಅವನ ಸ್ವಂತ ಊಟದ ಮೇಜಿನಲ್ಲಿ ಚಮಚ ಮಾತ್ರ ಬೆಳ್ಳಿಯದು. ತಟ್ಟೆಗಳು ಮಣ್ಣಿನವು, ಮರದವು ಅಥವಾ ಕಲ್ಲಿನವು ಎಂದು ಶಿಷ್ಯನಾದ ಪೊಸ್ಸಿದಿಯುಸ್ ಬರೆದಿದ್ದಾನೆ. 430ರ ಆಗಸ್ಟ್ 28ರಂದು ಅಗಸ್ಟೀನ ತೀರಿಕೊಂಡಾಗ ಉಯಿಲು ಬರೆದಿರಲಿಲ್ಲ. ಬರೆಯುವುದಕ್ಕೆ ಏನೂ ಇರಲಿಲ್ಲ.

ಸಂಸಾರಸ್ಥರಾದ ನಾವು ಹಾಗೆ ಸಾಯುವುದು ಕಷ್ಟ. ಹಾಗೆ ಎಲ್ಲರೂ ಮಾಡಬೇಕೆಂದು ಅಗಸ್ಟೀನನೂ ಹೇಳಲಿಲ್ಲ. ಮನೆ ಬೇಕು, ಮಂಚವೂ ಬೇಕು. ಮಕ್ಕಳ ಓದಿಗೆ ಹಣ ಕೂಡಿಡುವುದು ಪಾಪವಲ್ಲ. ಇಬ್ಬರು ಒಡೆಯರಲ್ಲಿ ನಾವು ಯಾರ ಆಳುಗಳೆಂಬುದು ಇಬ್ಬರೂ ಸುಮ್ಮನಿರುವಾಗ ತಿಳಿಯುವುದಿಲ್ಲ. ಇಬ್ಬರೂ ಒಂದೇ ಹೊತ್ತಿಗೆ ಕರೆದಾಗ ತಿಳಿಯುತ್ತದೆ. ಆಗ ಯಾರಿಗೆ ನಾಳೆ ಎನ್ನುತ್ತೇವೆಯೋ ಅವನು ನಮ್ಮ ಒಡೆಯನಲ್ಲ.

ಈಚೆಗೆ ನಾನು ಸಂಬಳ ಬಂದ ದಿನವೇ, ಮನೆಯ ಖರ್ಚಿನ ಲೆಕ್ಕ ಹಾಕುವುದಕ್ಕೆ ಮೊದಲು, ಬಡ ಹುಡುಗರ ಶುಲ್ಕಕ್ಕೆಂದು ಒಂದು ಪಾಲನ್ನು ತೆಗೆದಿಡುತ್ತೇನೆ. ಇದು ದೊಡ್ಡ ತ್ಯಾಗವೇನೂ ಅಲ್ಲ. ಅಂದು ಬಾಗಿಲಲ್ಲಿ ನಿಂತಿದ್ದ ಹುಡುಗನಿಗೆ ಇದರಿಂದ ಯಾವ ಉಪಯೋಗವೂ ಆಗಲಿಲ್ಲ. ಆದರೆ ಬಾಗಿಲಲ್ಲಿ ಇನ್ನೊಬ್ಬ ಬಂದು ನಿಂತಾಗ, ಮುಂದಿನ ತಿಂಗಳು ಎಂಬ ಮಾತು ನನ್ನ ನಾಲಗೆಗೆ ಅಷ್ಟು ಸುಲಭವಾಗಿ ಬರುವುದಿಲ್ಲ.