ಕೊನೆಯ ಪಂಕ್ತಿಯ ದಂಡನಾಯಕ

(ಕಾಲೇಜೊಂದರ ಎನ್.ಸಿ.ಸಿ. ಕೆಡೆಟ್‌ಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಶಿಸ್ತು ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಆಜ್ಞೆ ಪಾಲಿಸುವವರ ಸಾಲು. ನೆಟ್ಟಗಿನ ಬೆನ್ನು, ಒಂದೇ ಅಳತೆಯ ಹೆಜ್ಜೆ, ಎದುರಾಡದ ಬಾಯಿ. ಆಜ್ಞೆ ಕೊಡುವವನಿಗೂ ಒಂದು ಶಿಸ್ತು ಉಂಟು. ನಾನಿಂದು ಹೇಳಹೊರಟಿರುವುದು ಅದರ ಬಗ್ಗೆ.

1932ರ ಡಿಸೆಂಬರ್ 10ರಂದು ಡೆಹರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯ ಉದ್ಘಾಟನೆ ನಡೆಯಿತು. ಅಂದಿನ ಪ್ರಧಾನ ದಂಡನಾಯಕ ಸರ್ ಫಿಲಿಪ್ ಚೆಟ್‌ವುಡ್ ತಮ್ಮ ಭಾಷಣದಲ್ಲಿ ಹೇಳಿದ ಮೂರು ಮಾತುಗಳ ಸಾರ ಇಷ್ಟು: ದೇಶದ ಸುರಕ್ಷತೆ, ಗೌರವ ಮತ್ತು ಕ್ಷೇಮ ಯಾವಾಗಲೂ ಮೊದಲು, ನೀವು ಮುನ್ನಡೆಸುವ ಸೈನಿಕರ ಗೌರವ, ಕ್ಷೇಮ ಮತ್ತು ಸೌಕರ್ಯ ಅನಂತರ, ನಿಮ್ಮ ಸುಖ, ಸೌಕರ್ಯ, ಸುರಕ್ಷತೆ ಯಾವಾಗಲೂ ಕೊನೆಗೆ. ನಮ್ಮ ಮದುವೆ ಮನೆಗಳಲ್ಲಿ ಯಜಮಾನ ಕೊನೆಯ ಪಂಕ್ತಿಗೆ ಕೂರುವುದಿಲ್ಲವೇ? ಅದೇ ನ್ಯಾಯ.

ಈ ಮಾತಿನಲ್ಲಿ ಒಂದು ವಿಪರ್ಯಾಸವೂ ಇತ್ತು. ಹೇಳಿದವರು ಆಳುವ ಬ್ರಿಟಿಷರು, ಕೇಳಿದವರು ಆಳಿಸಿಕೊಳ್ಳುತ್ತಿದ್ದವರು. ‘ನಿಮ್ಮ ದೇಶ’ ಎಂದರೆ ಯಾವುದು? ಅಲ್ಲಿನ ಮೊದಲ ತಂಡದ 40 ಕೆಡೆಟ್‌ಗಳಲ್ಲಿ ಸ್ಯಾಮ್ ಮಾಣೆಕ್‌ಷಾ, ಮುಹಮ್ಮದ್ ಮೂಸಾ ಮತ್ತು ಸ್ಮಿತ್ ಡನ್ ಇದ್ದರು. ಮುಂದೆ ಮೂವರೂ ಸೇನಾ ಮುಖ್ಯಸ್ಥರಾದರು. ಒಬ್ಬರು ಭಾರತಕ್ಕೆ, ಒಬ್ಬರು ಪಾಕಿಸ್ತಾನಕ್ಕೆ, ಇನ್ನೊಬ್ಬರು ಬರ್ಮಾಕ್ಕೆ. ಮಾತು ಒಂದೇ, ದೇಶ ಮೂರಾಯಿತು. ಆದರೂ ಆ ಸಾಲುಗಳು ಅಕಾಡೆಮಿಯ ಚೆಟ್‌ವುಡ್ ಸಭಾಂಗಣದಲ್ಲಿ ಉಳಿದಿವೆ. ಅವನ್ನು ಉಳಿಸಿದ್ದು ಹೇಳಿದವರ ಅಧಿಕಾರವಲ್ಲ, ನಡೆದು ತೋರಿದವರ ಬದುಕು.

ದೇಶ ಮೊದಲು ಎಂಬುದಕ್ಕೆ ಮಾಣೆಕ್‌ಷಾ ಅವರನ್ನೇ ನೋಡಿ. 1971ರ ಏಪ್ರಿಲ್‌ನಲ್ಲಿ ಪೂರ್ವ ಪಾಕಿಸ್ತಾನಕ್ಕೆ ಸೇನೆ ನುಗ್ಗಬೇಕೆಂಬ ಒತ್ತಡ ಬಂದಾಗ ಪ್ರಧಾನಿ ಇಂದಿರಾ ಗಾಂಧಿಯವರ ಎದುರೇ ‘ಈಗ ಸಾಧ್ಯವಿಲ್ಲ’ ಎಂದೆ, ರಾಜೀನಾಮೆಗೂ ಸಿದ್ಧನಿದ್ದೆ ಎಂದು ಅವರು ಮುಂದೆ ಹೇಳಿಕೊಂಡರು. ಮಳೆಗಾಲ ಎದುರಿಗಿತ್ತು, ಸೇನೆ ಸಿದ್ಧವಿರಲಿಲ್ಲ. ಡಿಸೆಂಬರ್‌ನಲ್ಲಿ ನಡೆದ ಯುದ್ಧ 13 ದಿನಗಳಲ್ಲಿ ಮುಗಿಯಿತು. ಶತ್ರುವಿನ ಎದುರು ತೋರುವ ಧೈರ್ಯ ಒಂದು ಬಗೆಯದು; ತನ್ನವರ ಎದುರು ಅಪ್ರಿಯ ಸತ್ಯ ನುಡಿಯುವ ಧೈರ್ಯ ಇನ್ನೊಂದು ಬಗೆಯದು.

ಸೈನಿಕರ ವಿಷಯಕ್ಕೆ ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯನವರು ಸಾಕ್ಷಿ. 1948ರ ನವೆಂಬರ್ 1ರಂದು, 11,000 ಅಡಿಗೂ ಮೀರಿದ ಜೋಜಿಲಾ ಕಣಿವೆ ದಾರಿಗೆ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ಬೆಚ್ಚಿಬೀಳಿಸಿದ ಕಾರ್ಯಾಚರಣೆಯಲ್ಲಿ, ಡಿವಿಷನ್ನಿನ ದಂಡನಾಯಕರಾಗಿದ್ದ ಅವರು ಮುಂದಿನ ಟ್ಯಾಂಕಿನಲ್ಲೇ ಇದ್ದರು. ಹಿಂದೆ ಕುಳಿತು ‘ಹೋಗಿ’ ಎನ್ನುವುದಕ್ಕೂ ಮುಂದೆ ನಿಂತು ‘ಬನ್ನಿ’ ಎನ್ನುವುದಕ್ಕೂ ಎಷ್ಟು ಅಂತರ!

ಮೂರನೆಯದೇ ಅತಿ ಕಠಿಣ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಕೊಡಗಿನವರೇ ಆದ ಕೆ.ಎಂ. ಕಾರ್ಯಪ್ಪ. 1965ರ ಯುದ್ಧದಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್, ವಿಭಜನೆಗೆ ಮುನ್ನ ಕಾರ್ಯಪ್ಪನವರಿದ್ದ ಸೈನ್ಯದಲ್ಲೇ ಅಧಿಕಾರಿಯಾಗಿದ್ದವರು. ಮಗನನ್ನು ಬಿಡಿಸುವ ಸೂಚನೆ ಅವರ ಕಡೆಯಿಂದ ಬಂದಾಗ, ಸೆರೆಯಾಳುಗಳೆಲ್ಲ ತಮ್ಮ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂಬರ್ಥದ ಉತ್ತರವನ್ನು ಕಾರ್ಯಪ್ಪನವರು ಕೊಟ್ಟರೆಂಬುದು ಪ್ರಸಿದ್ಧ. ಆಗ ಅವರು ನಿವೃತ್ತರು. ಅವರಿಗೆ ಆಜ್ಞೆ ಮಾಡುವವರು ಯಾರೂ ಇರಲಿಲ್ಲ. ತಂದೆಯ ಕರುಳು ಏನೆಂದಿತೋ, ಬಾಯಿ ಮಾತ್ರ ದಂಡನಾಯಕನದಾಗಿತ್ತು.

ನಿಮ್ಮಲ್ಲಿ ಎಲ್ಲರೂ ಸೈನ್ಯ ಸೇರಲಾರಿರಿ. ಕೆಲವರು ಮೇಷ್ಟ್ರಾಗುವಿರಿ, ಕೆಲವರು ಕಚೇರಿಯಲ್ಲಿ ಹತ್ತು ಜನರ ಮೇಲೆ ಅಧಿಕಾರಿಯಾಗುವಿರಿ. ಅಂದು ಕೈಕೆಳಗಿನವರಿಂದ ಶಿಸ್ತು ಕೇಳುವ ಮುನ್ನ, ನಾನು ಯಾವ ಪಂಕ್ತಿಯಲ್ಲಿ ಕೂತಿದ್ದೇನೆ ಎಂದು ಒಮ್ಮೆ ನೋಡಿಕೊಳ್ಳಿ.