ಕಂಪ್ಯೂಟರ್ ವಿದ್ಯೆ ಮತ್ತು ದುಡಿಯುವವರ ಮಕ್ಕಳು

(ಹಗರಿಬೊಮ್ಮನಹಳ್ಳಿಯಲ್ಲಿ ಗಿರಣಿ ಕೆಲಸಗಾರರು ಹಾಗೂ ಸಣ್ಣ ವರ್ತಕರ ಎದುರು ಮಾಡಿದ ಭಾಷಣ)



ಗಿರಣಿಯ ಪಾಳಿ ಮುಗಿಸಿ, ಅಂಗಡಿಯ ಬಾಗಿಲು ಎಳೆದು ನೇರವಾಗಿ ಇಲ್ಲಿಗೆ ಬಂದಿದ್ದೀರಿ. ಮನೆಯಲ್ಲಿ ಊಟಕ್ಕೆ ಕಾಯುತ್ತಿರುತ್ತಾರೆಂಬುದು ನಮಗೂ ಗೊತ್ತು. ಆದುದರಿಂದ ಪೀಠಿಕೆ ಬೇಡ. ಈ ಊರಿನಲ್ಲಿ ನಾವು ಹೋದಲ್ಲೆಲ್ಲ ತಂದೆತಾಯಿಗಳು ಕೇಳುವ ಪ್ರಶ್ನೆ ಒಂದೇ. "ನಮ್ಮ ಹುಡುಗ ಹೊತ್ತುಮೂಡಿದರೆ ಫೋನು ಹಿಡಿದು ಕಂಪ್ಯೂಟರ್ ಪಾಠ ನೋಡುತ್ತೇನೆ ಅನ್ನುತ್ತಾನೆ. ಅದರಿಂದ ಅವನಿಗೆ ಅನ್ನ ಹುಟ್ಟುತ್ತದೆಯೋ, ಅದೂ ಒಂದು ಸಿನಿಮಾವೋ?"

ಅನ್ನವೂ ಹುಟ್ಟಬಹುದು, ಸಿನಿಮಾ ಆಗಿಯೂ ಉಳಿಯಬಹುದು. ಯಾವುದು ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಹೇಳುವುದಕ್ಕೇ ಬಂದಿದ್ದೇವೆ.

ಹಿಂದೆ ನಮ್ಮ ಕಡೆಯ ಎಷ್ಟೋ ಮಕ್ಕಳು ಈ ವಿದ್ಯೆ ಕಲಿಯಬೇಕಾದರೆ ಹೊಸಪೇಟೆಗೋ ಬಳ್ಳಾರಿಗೋ ಬಸ್ಸು ಹತ್ತಬೇಕಾಗಿತ್ತು. ತರಬೇತಿಯ ಶುಲ್ಕ, ಬಸ್ಸಿನ ಖರ್ಚು, ಕಳೆದುಹೋದ ದಿನಗೂಲಿ ಮೂರನ್ನೂ ಕೂಡಿಸಿದರೆ ಹಮಾಲರ ಮಕ್ಕಳಿಗೆ ಎಟುಕುವ ಮಾತಾಗಿರಲಿಲ್ಲ. 2005ರಲ್ಲಿ ಯೂಟ್ಯೂಬ್ ಹುಟ್ಟಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಮೇಲೆ ಇಂಟರ್‌ನೆಟ್ಟಿನ ದರ ಇಳಿದು, ಪಾಠವೇ ಮನೆಯ ಬಾಗಿಲಿಗೆ ಬಂತು. ಆದರೆ ಬಂದ ಪಾಠದ ಬಹುಪಾಲು ಇಂಗ್ಲಿಷಿನಲ್ಲಿ, ಉಳಿದುದರಲ್ಲಿ ಹೆಚ್ಚಿನದು ಹಿಂದಿಯಲ್ಲಿ. ಮೈಲಾರದ ಕಾರಣಿಕ ಕೇಳಿದವರು ನೀವು. ಗೊರವಯ್ಯ ಬಿಲ್ಲನ್ನೇರಿ ಒಂದು ಮಾತು ನುಡಿದು ಇಳಿಯುತ್ತಾನೆ, ಅದರ ಅರ್ಥ ಮಳೆಯೋ ಬೆಳೆಯೋ ರಾಜಕೀಯವೋ ಎಂದು ನಾವು ವರ್ಷವೆಲ್ಲ ತರ್ಕ ಮಾಡುತ್ತೇವೆ. ತಿಳಿಯದ ಭಾಷೆಯ ಪಾಠವೂ ಹಾಗೆಯೇ. ಕಾರಣಿಕಕ್ಕೆ ಅದು ಶೋಭೆ. ವಿದ್ಯೆಗೆ ಅಲ್ಲ.

ಕನ್ನಡದಲ್ಲಿ ಇಲ್ಲವೇ ಎಂದು ಕೇಳುತ್ತೀರಿ. ಇದೆ, ಮತ್ತು ಒಳ್ಳೆಯದೇ ಇದೆ. ಮುಂಬಯಿಯ ಐಐಟಿಯಲ್ಲಿ ಪ್ರೊಫೆಸರ್ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ಕೇಂದ್ರ ಸರ್ಕಾರದ ಹಣದಿಂದ 'ಸ್ಪೋಕನ್ ಟ್ಯುಟೋರಿಯಲ್' ಎಂಬ ಯೋಜನೆ ನಡೆದುಬಂದಿದೆ. ಒಂದೊಂದು ಪಾಠ ಸುಮಾರು ಹತ್ತು ನಿಮಿಷದ್ದು. ಕಾಸು ಕೊಡಬೇಕಾಗಿಲ್ಲ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನೋಡಬಹುದು. ಪಾಠದ ಮಾತು ಕನ್ನಡ ಮೊದಲಾದ ಭಾಷೆಗಳಲ್ಲಿರುತ್ತದೆ, ತೆರೆಯ ಮೇಲಿನ ಅಕ್ಷರ ಮಾತ್ರ ಇಂಗ್ಲಿಷಿನಲ್ಲೇ ಉಳಿದಿರುತ್ತದೆ. ನಾಳೆ ಕೆಲಸಕ್ಕೆ ಹೋದಲ್ಲಿ ಹುಡುಗಿ ಎದುರಿಸಬೇಕಾದುದು ಆ ಇಂಗ್ಲಿಷ್ ತೆರೆಯನ್ನೇ ತಾನೆ? ಎಲ್ಲ ಪಾಠಗಳೂ ಕನ್ನಡಕ್ಕೆ ಬಂದಿಲ್ಲ, ಅದು ಕೊರತೆಯೇ. ಆದರೂ ಬಂದಿರುವುದನ್ನು ಮುಗಿಸಿದವರು ನಮ್ಮಲ್ಲಿ ಎಷ್ಟು ಜನ?

ಆ ಪಾಠ ಮಾಡಿದವರು ಒಂದು ನಿಯಮ ಹೇಳುತ್ತಾರೆ. ತೆರೆಯ ಒಂದು ಬದಿಯಲ್ಲಿ ಪಾಠ ನಡೆಯಬೇಕು, ಇನ್ನೊಂದು ಬದಿಯಲ್ಲಿ ಕಲಿಯುವವರು ಅದನ್ನೇ ಮಾಡಬೇಕು. ಅರ್ಧ ನಿಮಿಷ ನೋಡು, ನಿಲ್ಲಿಸು, ಮಾಡು, ತಪ್ಪಿದರೆ ಹಿಂದಕ್ಕೆ ಹೋಗು. ನಮ್ಮ ತೊಡಕು ಇರುವುದು ಇಲ್ಲಿಯೇ. ನಮ್ಮ ಮಕ್ಕಳ ಕೈಯಲ್ಲಿರುವುದು ಫೋನು. ಅದರಲ್ಲಿ ನೋಡಬಹುದು, ಕಂಪ್ಯೂಟರಿನ ಕೆಲಸಕ್ಕೆ ಕೈ ಪಳಗಿಸಲಾಗದು. ಮಗ್ಗವಿಲ್ಲದವನಿಗೆ ನೇಯ್ಗೆಯ ಪಾಠ ಎಷ್ಟು ಹೇಳಿದರೇನು? ಪಾಠ ಪುಕ್ಕಟೆಯಾಯಿತು, ಯಂತ್ರ ಆಗಲಿಲ್ಲ.

ಕೈ ಮುಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ನಾವು ಕಣ್ಣಾರೆ ಕಂಡದ್ದನ್ನು ಹೇಳುತ್ತೇವೆ. ಪರಿಚಿತರ ಕಿರಾಣಿ ಅಂಗಡಿಯ ಕಂಪ್ಯೂಟರು ಒಂದು ಬೆಳಿಗ್ಗೆ ಬರಿಯ ಬೀಪು ಕೂಗುತ್ತ ಕೂತಿತು. ದುರಸ್ತಿಯವರೊಬ್ಬರು ನೋಡಿ, ಮದರ್‌ಬೋರ್ಡ್ ಹೋಗಿದೆ, ಹೊಸದನ್ನೇ ಕೊಳ್ಳಿರಿ ಎಂದುಬಿಟ್ಟರು. ಅಂಗಡಿಯ ಹುಡುಗ ಒಂದು ವಿಡಿಯೋ ನೋಡಿದ್ದ. ವೈರು ಕಿತ್ತು, ರ್‍ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಶಾಲೆಯ ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಯಂತ್ರ ಎದ್ದಿತು. ಹಿಟ್ಟಿನ ಧೂಳು, ಮೆಣಸಿನಕಾಯಿ ಘಾಟು ತುಂಬಿದ ನಮ್ಮ ಅಂಗಡಿಗಳಲ್ಲಿ ಕಂಪ್ಯೂಟರು ಕೆಡುವುದು ಎಷ್ಟೋ ಸಲ ಇಷ್ಟಕ್ಕೇ. ಬಿಲ್ಲಿನ ಮೇಲೆ ಯಾವುದೋ ಹಳೆಯ ವರ್ಷದ ತಾರೀಖು ಬೀಳುತ್ತಿದ್ದರೆ, ಒಳಗಿರುವ 3 ವೋಲ್ಟಿನ ಬಿಲ್ಲೆಯಂಥ ಸೆಲ್ಲು ಮುಗಿದಿರುತ್ತದೆ, ಅದನ್ನು ಬದಲಿಸಿದರೆ ಆಯಿತು. ಆಮೆಯಂತೆ ತೆವಳುವ ಹಳೆಯ ಯಂತ್ರಕ್ಕೆ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ಅದು ಇನ್ನೂ ಕೆಲವು ವರ್ಷ ದುಡಿಯುತ್ತದೆ.

ಆದರೆ ಒಂದು ಎಚ್ಚರ. 230 ವೋಲ್ಟಿನ ಕರೆಂಟನ್ನು ಒಳಗೆ ತೆಗೆದುಕೊಂಡು 12, 5, 3.3 ವೋಲ್ಟಾಗಿ ಇಳಿಸಿಕೊಡುವ ಪೆಟ್ಟಿಗೆಯೊಂದಿದೆ, ಎಸ್‌ಎಂಪಿಎಸ್ ಎನ್ನುತ್ತಾರೆ. ವೈರು ಕಿತ್ತಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಕರೆಂಟು ನಿಂತಿರುತ್ತದೆ. ವಿಡಿಯೋದಲ್ಲಿ ಯಾರೋ ಬಿಚ್ಚಿದರೆಂದು ಮಕ್ಕಳು ಅದನ್ನು ಬಿಚ್ಚಬಾರದು. ಕೆಟ್ಟರೆ ಪೂರಾ ಪೆಟ್ಟಿಗೆಯನ್ನೇ ಬದಲಿಸಬೇಕು. ವಿಡಿಯೋದ ಗುರುವಿಗೆ ಎಲ್ಲ ಬರುತ್ತದೆ, ಶಿಷ್ಯನ ಕೈ ಹಿಡಿದು ತಡೆಯಲು ಮಾತ್ರ ಬರುವುದಿಲ್ಲ.

ಇನ್ನು ಡಿಸೈನಿನ ಮಾತು. ಮದುವೆ ಪತ್ರಿಕೆ, ಕೊಟ್ಟೂರು ಜಾತ್ರೆಯ ಕರಪತ್ರ, ಅಂಗಡಿಯ ಫಲಕ ಇವೆಲ್ಲ ನಮ್ಮ ಊರುಗಳಲ್ಲಿ ವರ್ಷವಿಡೀ ಇರುವ ಕೆಲಸ. ಇಂಗ್ಲಿಷ್ ವಿಡಿಯೋ ನೋಡಿ ಕಲಿತ ಹುಡುಗ ಚಿತ್ರ, ಬಣ್ಣ ಎಲ್ಲ ಚೆನ್ನಾಗಿ ಮಾಡುತ್ತಾನೆ. ಕನ್ನಡ ಅಕ್ಷರ ಹಾಕಿದೊಡನೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ! ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ಒಂದು ಆಯ್ಕೆಯಿದೆ, ಅದನ್ನು ಒತ್ತದೆ ಹೋದರೆ ಹೀಗಾಗುತ್ತದೆ. ಅಮೆರಿಕದ ಮೇಷ್ಟರು ಇದನ್ನು ಏಕೆ ಹೇಳಿಯಾರು, ಅವರಿಗೆ ಒತ್ತಕ್ಷರವೇ ಇಲ್ಲ. ನಮ್ಮ ಡಿಟಿಪಿ ಅಂಗಡಿಗಳು ಪೇಜ್‌ಮೇಕರಿನಲ್ಲಿ ಹಳೆಯ ನುಡಿ ಅಕ್ಷರ ಹಾಕಿ ದುಡಿದು ಬದುಕಿದವು. ಆದರೆ ಪೇಜ್‌ಮೇಕರಿಗೆ 2001ರ ಏಳನೆಯ ಆವೃತ್ತಿಯೇ ಕೊನೆ, ಯೂನಿಕೋಡ್ ಅದಕ್ಕೆ ತಿಳಿಯದು. ಇಂಕ್‌ಸ್ಕೇಪ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಕನ್ನಡ ಒತ್ತಿನ ಸಮೇತ ಸರಿಯಾಗಿ ಕೂರುತ್ತದೆ. ಕೆ.ಪಿ. ರಾವ್ ಅವರು ರೂಪಿಸಿಕೊಟ್ಟ ಕೀಲಿಮಣೆಯನ್ನು ಬೆರಳಿಗೆ ಹತ್ತಿಸಿಕೊಂಡು, ಯೂನಿಕೋಡಿನಲ್ಲಿ ಪತ್ರಿಕೆ ಜೋಡಿಸಬಲ್ಲ ಹುಡುಗಿಗೆ ಈ ಊರಿನಲ್ಲೇ ಕೆಲಸವುಂಟು, ಬೆಂಗಳೂರಿನ ರಾತ್ರಿ ಬಸ್ಸನ್ನೇ ಹತ್ತಬೇಕೆಂದಿಲ್ಲ.

ವರ್ತಕ ಮಿತ್ರರಿಗೆ ಈಗ ಒಂದು ಮಾತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹೊಸ ವಿಂಡೋಸಿಗೆ ಬೇಕಾದ ಭಾಗ ಹಳೆಯ ಯಂತ್ರಗಳಲ್ಲಿ ಹಲವಕ್ಕೆ ಇಲ್ಲ. ಗಟ್ಟಿಮುಟ್ಟಾದ ಯಂತ್ರ ಕಂಪನಿಯ ಒಂದು ತೀರ್ಮಾನದಿಂದ ರದ್ದಿಯ ಬೆಲೆಗೆ ಬಂತು. ಟ್ಯಾಲಿಯಲ್ಲಿ ಲೆಕ್ಕ ಇಡುವವರು ಹೊಸದಕ್ಕೆ ಹೋಗದೆ ವಿಧಿಯಿಲ್ಲ, ಟ್ಯಾಲಿಗೆ ವಿಂಡೋಸೇ ಬೇಕು. ಆದರೆ ಬದಲಿಸಿದ ಹಳೆಯ ಯಂತ್ರವನ್ನು ಗುಜರಿಗೆ ಹಾಕಬೇಡಿರಿ. ಹೆಲ್ಸಿಂಕಿಯ ಒಬ್ಬ ವಿದ್ಯಾರ್ಥಿ 1991ರಲ್ಲಿ ಆರಂಭಿಸಿ, ಲೋಕದ ಸಾವಿರಾರು ಜನ ಕೂಡಿ ಬೆಳೆಸಿದ ಲಿನಕ್ಸ್ ಅದರ ಮೇಲೆ ಓಡುತ್ತದೆ. ನಾವು ಹೇಳಿದ ಕನ್ನಡ ಪಾಠಗಳಲ್ಲಿ ಲಿನಕ್ಸಿನದೂ ಇದೆ, ಪತ್ರ ಬರೆಯುವ, ಲೆಕ್ಕ ಹಾಕುವ ಲಿಬ್ರೆಆಫೀಸಿನದೂ ಇದೆ.

ಹಳ್ಳಿಗಳಿಂದ ಬಂದವರು ನಿಮ್ಮ ಪಂಚಾಯತಿ ಸದಸ್ಯರನ್ನು ಕಾಣಿರಿ. ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರವೆಂದು ಹೆಸರು. ಅಲ್ಲಿ ಕಂಪ್ಯೂಟರು ಇದ್ದರೆ ಸಂಜೆಯ ಹೊತ್ತೂ ತೆರೆದಿರಲಿ ಎಂದು ಕೇಳಿರಿ. ಹಗಲು ಚೀಲ ಹೊರುವವನಿಗೆ ಸಂಜೆಯಲ್ಲದೆ ಬೇರೆ ಹೊತ್ತೆಲ್ಲಿದೆ? ಊರಿನ ವರ್ತಕರಲ್ಲಿ ಇಬ್ಬರು ಅಂಗಡಿ ಮುಚ್ಚಿದ ಮೇಲೆ ಒಂದು ಗಂಟೆ ತಮ್ಮ ಯಂತ್ರ ಬಿಟ್ಟುಕೊಡುತ್ತೇವೆಂದು ಈಗಾಗಲೇ ಒಪ್ಪಿದ್ದಾರೆ. ಒಂದು ಯಂತ್ರಕ್ಕೆ ಇಬ್ಬರು ಮಕ್ಕಳು ಸಾಕು. ಒಬ್ಬರು ಮಾಡಲಿ, ಒಬ್ಬರು ತಪ್ಪು ಹಿಡಿಯಲಿ, ಮರುದಿನ ಅದಲುಬದಲಾಗಲಿ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇದೇ ಜಾಗದಲ್ಲಿ ಸೇರೋಣ. ಯಾರ ಅಂಗಡಿಯ ಮೂಲೆಯಲ್ಲಾದರೂ ಕೆಟ್ಟು ಕೂತ ಕಂಪ್ಯೂಟರಿದ್ದರೆ ಹೊತ್ತು ತನ್ನಿರಿ. ಸ್ಕ್ರೂಡ್ರೈವರು, ಬ್ರಷ್ಷು, ರಬ್ಬರು ನಮ್ಮ ಹತ್ತಿರ ಇವೆ.